‘ಪ್ಲೇಸ್’ ಪದಕ್ಕೆ ಇನ್ನೂ ಬೇಕಾದ ವಾಕ್ಯಗಳು

ಮಂಗಳವಾರ, ಮಧ್ಯಾಹ್ನ
ಅಪ್ಪನ ಮನೆಯಿಂದ

ನಿಮಗೆ,

ಬರೇ ‘ನಿಮಗೆ’ ಎಂದು ಶುರು ಮಾಡಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ತುಂಬಾ ಹೊತ್ತು ಯೋಚಿಸಿದೆ. ಮೊದಲು ‘ಮಾತೃಸಮಾನರಾದ’ ಎಂದು ಬರೆದೆ. ಓದಿ ನೋಡಿದರೆ, ನಿಮ್ಮ ನಿಘಂಟಿನಲ್ಲಿ ಎರಡು ಪದಗಳ ನಡುವೆ ನೀವು ಹಾಕುವ ಸಮ ಚಿಹ್ನೆಯ ಹಾಗೆ ಕಂಡಿತು. ಹರಿದು ಹಾಕಿದೆ. ‘ಪೂಜ್ಯರೇ’ ಎಂದು ಬರೆದರೆ ಹೆಡ್‌ಮಾಸ್ಟರಿಗೆ ರಜೆ ಚೀಟಿ ಬರೆದ ಹಾಗಾಯಿತು. ಹೆಸರು ಹಿಡಿದು ಕರೆಯುವಷ್ಟು ಧೈರ್ಯ ನನಗಿಲ್ಲ. ಒಂಬತ್ತು ವರ್ಷದವಳಿದ್ದಾಗ ಅಪ್ಪ ನಿಮ್ಮನ್ನು ಮದುವೆಯಾಗಿ ಕರೆತಂದ ದಿನದಿಂದ ಇವತ್ತಿನವರೆಗೂ ನಿಮ್ಮನ್ನು ಏನೂ ಕರೆಯದೆ ಕಾಲ ಹಾಕಿದ್ದೇನೆ. ನೀವು ಅಡುಗೆಮನೆಯಲ್ಲಿದ್ದರೆ ಅಡುಗೆಮನೆಗೇ ಬಂದು ಮಾತಾಡುತ್ತಿದ್ದೆ, ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದರೆ ಮಹಡಿ ಹತ್ತಿ ಬರುತ್ತಿದ್ದೆ. ಕೂಗುವ ಪ್ರಸಂಗವೇ ಬರದ ಹಾಗೆ ನೋಡಿಕೊಂಡೆ. ಹಾಗೆ ಹತ್ತಿ ಇಳಿದೇ ನನ್ನ ಮಂಡಿ ಸವೆದದ್ದು ಎಂದು ನಮ್ಮನೆಯವರು ತಮಾಷೆ ಮಾಡುತ್ತಾರೆ.

ನಾನು ಕ್ಷೇಮ ಎಂದು ಬರೆಯುವುದು ರೂಢಿ. ಬರೆದಿದ್ದೇನೆ ಎಂದುಕೊಳ್ಳಿ.

ಭಾನುವಾರ ಟೆಂಪೋ ತರಿಸಿ ನಿಮ್ಮ ಮೇಜು, ಕಬ್ಬಿಣದ ಬೀರು ಎರಡನ್ನೂ ತೆಗೆದುಕೊಂಡು ಹೋಗಿ, ಈ ಮನೆಯ ಬೀಗದ ಕೈ ನಮಗೆ ಕೊಟ್ಟುಬಿಡುತ್ತೀರಂತೆ. ನನಗೆ ಹೇಳಲಿಲ್ಲ, ನಮ್ಮನೆಯವರ ಫೋನಿಗೆ ಹೇಳಿದಿರಿ. ಅವರೋ, ಲಿಫ್ಟ್ ರಿಪೇರಿಗೆ ಯಾವುದೋ ಕಟ್ಟಡದ ತುದಿಯಲ್ಲಿದ್ದವರು, ‘ಆಯ್ತು ಆಯ್ತು’ ಎಂದು ಇಟ್ಟುಬಿಟ್ಟರಂತೆ. ಸಂಜೆ ಮನೆಗೆ ಬಂದು ಶೂ ಬಿಚ್ಚುತ್ತಾ ಹೇಳಿದರು. ನಾನು ಆ ಶೂವನ್ನೇ ಎತ್ತಿ ಎಸೆಯುವುದೊಂದು ಬಾಕಿ.

ಮೇಜು ಹೋಗಕೂಡದು. ನೀವು ವಾಪಸ್ಸು ಬರಬೇಕು. ಈ ಕಾಗದ ಬರೆಯುತ್ತಿರುವುದು ಇಷ್ಟಕ್ಕೇ. ಆದರೆ ಇಷ್ಟನ್ನೇ ಬರೆದು ಕಳಿಸಿದರೆ ನೀವು ಓದಿ, ಮಡಿಚಿಟ್ಟು, ಟೆಂಪೋದವನಿಗೆ ಫೋನ್ ಮಾಡುತ್ತೀರಿ. ನಿಮ್ಮ ಸ್ವಭಾವ ನನಗೆ ಗೊತ್ತಿಲ್ಲವೇ? ಆದ್ದರಿಂದ ಕೆಲಸದ ಮಾತಿನಿಂದ ಶುರು ಮಾಡುತ್ತೇನೆ. ಕೆಲಸದ ಮಾತಾದರೆ ಕೊನೆಯವರೆಗೂ ಓದುತ್ತೀರಿ.

ಹೋದ ವಾರ ನಿಮ್ಮ ನಿಘಂಟಿನ ಆಫೀಸಿನ ಸಂಪಾದಕರು ಇಲ್ಲಿಗೆ ಬಂದಿದ್ದರು. ನಾನು ಕಿಟಕಿ ತೆಗೆದು ಕಸ ಗುಡಿಸುತ್ತಿದ್ದೆ. ಕೆಳಗಿನ ಹೊಲಿಗೆ ಅಂಗಡಿಯವರನ್ನು ವಿಚಾರಿಸಿಕೊಂಡು, ನಮ್ಮ ಕಡಿದಾದ ಮೆಟ್ಟಿಲನ್ನು ನಡುವೆ ನಿಂತು ನಿಂತು ಹತ್ತಿ, ಬಾಗಿಲಲ್ಲಿ ಏದುಸಿರು ಬಿಡುತ್ತಾ, ‘ಕಿವಿ ಅಂದ್ರೆ ನೀವೇನಾ?’ ಎಂದರು. ನೀವು ಆಫೀಸಿನಲ್ಲಿ ಪ್ರತಿಯೊಂದು ಪದಕ್ಕೂ ‘ನಾಳೆ ಹೇಳ್ತೀನಿ, ಕಿವೀನ ಕೇಳ್ಬೇಕು’ ಎನ್ನುತ್ತಿದ್ದಿರಂತೆ. ಅದು ನಿಮ್ಮ ತಲೆಗೆ ಅಂಟಿಕೊಂಡಿರುವ ಕಿವಿಯೆಂದೇ ಅವರು ಬಹಳ ವರ್ಷ ತಿಳಿದಿದ್ದರಂತೆ. ಮನೆಯಲ್ಲಿ ನೀವು ನನ್ನನ್ನು ಕಿವಿ ಎಂದು ಕರೆಯುತ್ತಿದ್ದದ್ದು ಸರಿ, ಅದು ಆಫೀಸಿನವರೆಗೂ ಹೋಗಿದೆಯೆಂದು ನನಗೆ ಗೊತ್ತಿರಲಿಲ್ಲ.

ಮಕ್ಕಳ ಇಂಗ್ಲಿಷ್–ಕನ್ನಡ ನಿಘಂಟಿನ ಹೊಸ ಮುದ್ರಣ ‘ಪಿ’ ಅಕ್ಷರದಲ್ಲಿ ನಿಂತಿದೆಯಂತೆ. ‘ಪ್ಲೇಸ್’ ಪದವನ್ನು ನೀವು ಅರ್ಧಕ್ಕೆ ಬಿಟ್ಟಿದ್ದೀರಂತೆ. ಆಫೀಸಿನಲ್ಲಿ ಅದನ್ನು ಮುಟ್ಟಲು ಯಾರೂ ಒಪ್ಪುತ್ತಿಲ್ಲ, ಅದು ಮೇಡಂ ಶುರು ಮಾಡಿದ್ದು ಎನ್ನುತ್ತಾರಂತೆ. ‘ಎಂತೆಂಥ ಪದ ಮುಗಿಸಿದೋರು, ಇಷ್ಟು ಸುಲಭದ್ದನ್ನ ಯಾಕೆ ಹಿಂಗೆ ಬಿಟ್ರು? ಫೋನೂ ಎತ್ತಲ್ಲ’ ಎಂದು ಅವರು ನನ್ನನ್ನು ಕೇಳಿದರು. ನಾನು ಅವರಿಗೆ ನೀರು ಕೊಟ್ಟೆ. ನೀರು ಕುಡಿದು, ‘ನೀವೇ ಮುಗಿಸ್ಕೊಡಿ’ ಎಂದುಬಿಟ್ಟರು. ನಾನು ಕನ್ನಡಕದ ಅಂಗಡಿಯಲ್ಲಿ ಕೂರುವವಳು, ನನಗೇನು ಗೊತ್ತು ಎಂದೆ. ‘ಕಿವಿ ಇದ್ರೆ ಸಾಕು’ ಎಂದು ಹಾಳೆಗಳನ್ನು ನಿಮ್ಮ ಮೇಜಿನ ಮೇಲೆ ಇಟ್ಟು ಇಳಿದು ಹೋದರು. ಇಳಿಯುವಾಗಲೂ ನಡುವೆ ನಿಂತರು.

ಹಾಗಾಗಿ ಅವತ್ತಿನಿಂದ ನಿಮ್ಮ ಮೇಜಿನ ಮುಂದೆ ಕೂತಿದ್ದೇನೆ. ಅಂಗಡಿಗೆ ರಜೆ ಹಾಕಿದ್ದೇನೆ, ಯಾಕೆ ಎಂದು ಈಗ ಕೇಳಬೇಡಿ. ಕೆಲಸ ನೋಡಲು ಸುಲಭ, ಮಾಡಲು ಕೂತರೆ ಸೊಂಟ ಹಿಡಿಯುತ್ತದೆ. ನೀವು ಇಷ್ಟು ವರ್ಷ ಇದನ್ನು ಆಫೀಸಿನಲ್ಲಿ ಮಾಡಿ, ಮನೆಗೂ ತಂದು ಮಾಡಿ, ಜೊತೆಗೆ ನಮ್ಮ ತಟ್ಟೆಗೂ ಬಡಿಸಿದಿರಲ್ಲ, ನನಗೆ ಈಗ ಸಿಟ್ಟು ಬರುತ್ತಿದೆ. ಒಂದು ದಿನವಾದರೂ ‘ಸಾಕಾಯ್ತು’ ಎನ್ನಬಾರದಿತ್ತೇ?

ನಿಮ್ಮ ಎರಡು ಕಟ್ಟಳೆ ನನಗೆ ಚೆನ್ನಾಗಿ ನೆನಪಿವೆ. ಒಂದು, ವಾಕ್ಯ ಯಾರದ್ದಾದರೂ ಬಾಯಿಂದ ಬಂದದ್ದಾಗಿರಬೇಕು, ನಾವು ಕೂತು ಕಟ್ಟಿದ್ದು ನಡೆಯುವುದಿಲ್ಲ. ಕಟ್ಟಿದ ವಾಕ್ಯದಲ್ಲಿ ಜನ ಇರುವುದಿಲ್ಲ ಎನ್ನುತ್ತಿದ್ದಿರಿ. ಇನ್ನೊಂದು, ಆ ವಾಕ್ಯದಿಂದ ಒಂದು ಪದ ತೆಗೆದು ಅದೇ ಅರ್ಥದ ಬೇರೆ ಪದ ಹಾಕಿ ಗಟ್ಟಿಯಾಗಿ ಓದಬೇಕು, ಕೇಳಲು ಪಕ್ಕದಲ್ಲಿ ಒಬ್ಬರಿರಬೇಕು. ಆ ಒಬ್ಬಳು ನಾನು. ‘ಕೂತ್ಕೊಳ್ತು’, ‘ಕೂತ್ಕೊಳ್ಳಲ್ಲ’, ‘ಕೂತಿದೆ, ಆದ್ರೆ ಕುಂಟತ್ತೆ’ ಎಂದು ಊಟದ ತಟ್ಟೆ ಮುಂದಿಟ್ಟುಕೊಂಡು ತೀರ್ಪು ಕೊಡುತ್ತಿದ್ದೆ. ‘ಕೋರ್ಟು ಎದ್ದ ಮೇಲೆ ಯಾರಾದ್ರೂ ಒಂದು ಲೋಟ ನೀರು ಕೊಡಿ’ ಎಂದು ಅಪ್ಪ ಗೊಣಗುತ್ತಿದ್ದರು.

ಈಗ ಓದಿ ಹೇಳಲು ನೀವಿಲ್ಲ. ನಾನೇ ಓದಿ ನಾನೇ ಕೇಳಿಸಿಕೊಳ್ಳುತ್ತಿದ್ದೇನೆ. ಹೊಲಿಗೆ ಅಂಗಡಿಯವರು ನಿನ್ನೆ ಮೇಲೆ ಬಂದು, ‘ಯಾರಾದ್ರೂ ಬಂದಿದಾರಾ ಅಕ್ಕಾ?’ ಎಂದು ವಿಚಾರಿಸಿದರು. ಇಲ್ಲ ಎಂದೆ. ನನ್ನನ್ನು ಒಂದು ಥರಾ ನೋಡಿ ಹೋದರು.

ಮೊದಲ ಅರ್ಥಕ್ಕೆ ನೀವೇ ಅಪ್ಪನ ವಾಕ್ಯ ಹಾಕಿದ್ದೀರಿ: ‘ಮುಂದೆ ನಡೀರಿ, ಒಳಗೆ ಬೇಕಾದಷ್ಟು ಜಾಗ ಇದೆ.’ ಕಂಡಕ್ಟರ್ ಕೆಲಸ ಮಾಡಿದಷ್ಟು ಕಾಲವೂ ದಿನಕ್ಕೆ ನೂರು ಸಲ ಹೇಳಿದ ಶುದ್ಧ ಸುಳ್ಳು. ಬಸ್ಸಿನಲ್ಲಿ ಉಸಿರಾಡಲು ಜಾಗವಿಲ್ಲದಿದ್ದರೂ ಹೇಳುತ್ತಿದ್ದರು, ಜನ ನಂಬಿ ಮುಂದೆ ನಡೆಯುತ್ತಲೂ ಇದ್ದರು. ‘ಸ್ಥಳ’ ಹಾಕಿ ಓದಿದೆ: ‘ಒಳಗೆ ಬೇಕಾದಷ್ಟು ಸ್ಥಳ ಇದೆ.’ ಬಸ್ಸು ಹೋಗಿ ಭಾಷಣದ ಸಭೆಯಾಯಿತು. ‘ತಾಣ’ ಹಾಕಿದೆ, ನನಗೇ ನಾಚಿಕೆಯಾಯಿತು. ಜಾಗವೇ ಇರಲಿ.

ಎರಡನೆಯದು ಓಟ, ಪರೀಕ್ಷೆ ಇವುಗಳದ್ದು. ಅಲ್ಲಿ ‘ಸ್ಥಾನ’ ಕೂರುತ್ತದೆ, ‘ಜಾಗ’ ಕುಂಟುತ್ತದೆ. ವಾಕ್ಯ ನನ್ನದು, ಹಳೆಯ ಮುದ್ರಣದಲ್ಲೂ ಇದೆ: ‘ಲೆಕ್ಕದಲ್ಲಿ ಅವಳಿಗೆ ಕೊನೆಯ ಸ್ಥಾನ ಬಂತು.’ ನೆನಪಿದೆಯೇ? ಏಳನೇ ಕ್ಲಾಸು. ಅಂಕಪಟ್ಟಿ ಸ್ಕೂಲ್ ಬ್ಯಾಗಿನೊಳಗೆ ಬೆಂಕಿಯ ಹಾಗೆ ಇತ್ತು. ಅಪ್ಪನಿಗೆ ಹೇಳುವ ಧೈರ್ಯವಿರಲಿಲ್ಲ. ನೀವು ಯಾವುದೋ ಪದಕ್ಕೆ ವಾಕ್ಯ ಹುಡುಕುತ್ತಿದ್ದಿರಿ, ನಾನು ನಡುವೆ ಬಾಯಿ ಹಾಕಿ ಇದನ್ನು ಹೇಳಿದೆ. ನೀವು ಬರೆದುಕೊಂಡಿರಿ, ಬದಲಿಸಿ ಓದಿದಿರಿ, ನಾನು ತೀರ್ಪು ಕೊಟ್ಟೆ. ಆಮೇಲೆ ಪೆನ್ಸಿಲ್ ಕೆಳಗಿಟ್ಟು, ‘ವಾಕ್ಯ ಚೆನ್ನಾಗಿದೆ. ನಿಮ್ಮಪ್ಪಂಗೆ ನಾನು ಹೇಳ್ತೀನಿ’ ಎಂದಿರಿ.

ಜ್ವರ ಬಂದಾಗಲೂ ಹೀಗೇ. ‘ಅವಳ ಮೈ ಸುಡುತ್ತಿತ್ತು, ಕೂರತ್ತಾ?’ ಎಂದು ಕೇಳಿದರೆ ನೀವು ಉತ್ತರ ಹೇಳುವ ಮೊದಲೇ ನಿಮ್ಮ ಕೈ ನನ್ನ ಹಣೆಯ ಮೇಲಿರುತ್ತಿತ್ತು. ನಮ್ಮನೆಯವರನ್ನು ಮದುವೆಯಾಗಬೇಕು ಎಂದು ನಾನು ಹೇಳಿದ್ದೂ ವಾಕ್ಯದಲ್ಲೇ. ನನ್ನ ಯಾವ ವಾಕ್ಯ ನಿಘಂಟಿಗೆ, ಯಾವುದು ಅಲ್ಲ ಎಂಬುದು ನಿಮಗೆ ಒಂದು ಸಲವೂ ತಪ್ಪಲಿಲ್ಲ. ಈ ಕಾಗದದ ಕಷ್ಟವೆಲ್ಲ ಅಲ್ಲೇ ಇದೆ, ಮುಂದೆ ಹೇಳುತ್ತೇನೆ.

ಮೂರನೆಯ ಅರ್ಥಕ್ಕೆ ಅತ್ತೆಯದ್ದು: ‘ಅವಳ ಜಾಗ ಎಲ್ಲಿ ಅಂತ ಅವಳಿಗೆ ಗೊತ್ತಿರ್ಬೇಕು.’ ಇದನ್ನು ಬರೆಯುವಾಗ ನಗು ತಡೆಯಲಾಗಲಿಲ್ಲ. ಅಪ್ಪನ ಅಕ್ಕ ನಮ್ಮ ಹಾಲಿನಲ್ಲೇ ಕೂತು, ಅಡುಗೆಮನೆಯಲ್ಲಿದ್ದ ನಿಮಗೆ ಕೇಳಿಸಲಿ ಎಂದೇ ದನಿ ಎತ್ತಿ ಅಂದದ್ದು. ನೀವು ಕೈ ಒರೆಸಿಕೊಳ್ಳುತ್ತಾ ಬಂದಿರಿ. ಜಗಳ ಹತ್ತಿಕೊಂಡಿತು ಎಂದು ನಾನು ಬಾಗಿಲ ಸಂದಿಗೆ ಸರಿದೆ. ನೀವು ಪೆನ್ಸಿಲ್ ತೆಗೆದುಕೊಂಡು, ‘ಇನ್ನೊಂದ್ಸಲ ಹೇಳಿ ಅತ್ತಿಗೆ, ತುಂಬಾ ಒಳ್ಳೇ ವಾಕ್ಯ. ಇಲ್ಲಿ ಅಂತಸ್ತು ಅಂದ್ರೆ ಸರಿಯಾ, ಯೋಗ್ಯತೆ ಅಂದ್ರೆ ಸರಿಯಾ?’ ಎಂದು ಕೇಳಿದಿರಿ. ಅತ್ತೆಯ ಬಾಯಿ ಕಟ್ಟಿಹೋದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ‘ಯೋಗ್ಯತೆ’ ಎಂದು ಗೊಣಗಿ ಎದ್ದು ಹೋದರು. ನಿಜವಾಗಿಯೂ ನಿಮಗೆ ಬೇಕಾಗಿದ್ದದ್ದು ವಾಕ್ಯವೋ, ಅತ್ತೆಯ ಬಾಯಿ ಮುಚ್ಚಿಸುವುದೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಈ ಅತ್ತೆಯೇ ನಿಮ್ಮನ್ನು ಚಿಕ್ಕಮ್ಮ ಎಂದು ಕರೆಯಲು ನನಗೆ ಹೇಳಿಕೊಟ್ಟವರು. ನಾನು ಸುತರಾಂ ಒಪ್ಪಲಿಲ್ಲ. ಆದರೆ ನಿಮ್ಮ ತಂಗಿ ಮೊದಲ ಸಲ ಮನೆಗೆ ಬಂದಾಗ ಯಾರೂ ಹೇಳಿಕೊಡದೆ ಅವರನ್ನು ಚಿಕ್ಕಮ್ಮ ಎಂದೆ, ಇವತ್ತಿಗೂ ಹಾಗೇ ಎನ್ನುತ್ತೇನೆ. ಮೊನ್ನೆ ಈ ಹಾಳೆಗಳ ಮುಂದೆ ಕೂತಾಗ ಥಟ್ಟನೆ ಹೊಳೆಯಿತು. ಅಮ್ಮನ ತಂಗಿಯನ್ನು ತಾನೇ ಚಿಕ್ಕಮ್ಮ ಎನ್ನುವುದು? ನೀವು ನನಗೆ ಏನೂ ಅಲ್ಲವೆಂದ ಮೇಲೆ ಅವರು ಎಲ್ಲಿಂದ ಚಿಕ್ಕಮ್ಮನಾದರು? ಇಷ್ಟು ವರ್ಷ ನಾನೂ ಗಮನಿಸಿರಲಿಲ್ಲ. ನೀವು ಗಮನಿಸಿರುತ್ತೀರಿ, ಹೇಳಿರಲಿಕ್ಕಿಲ್ಲ.

ಚಿಕ್ಕಮ್ಮ ನನಗೆ ಫೋನ್ ಮಾಡಿದ್ದರು. ನೀವು ಅವರ ಮನೆಯ ಹಾಲಿನ ಸೋಫಾದ ಮೇಲೆ ಮಲಗುತ್ತೀರಂತೆ. ಕಾಲು ಚಾಚಲು ಆಗುವುದಿಲ್ಲವಂತೆ. ಬೆಳಿಗ್ಗೆ ಯಾರೂ ಏಳುವ ಮೊದಲೇ ಎದ್ದು ಹೊದಿಕೆ ಮಡಿಚಿ, ಅಲ್ಲಿ ಯಾರೂ ಮಲಗಿರಲೇ ಇಲ್ಲವೆನ್ನುವ ಹಾಗೆ ಮಾಡಿಡುತ್ತೀರಂತೆ. ಅವರ ಸೊಸೆ ಒಳ್ಳೆಯವಳೇ, ಆದರೆ ನೀವು ಲೋಟ ತೊಳೆದಿಡುವ ಚುರುಕು ನೋಡಿ ಅವಳಿಗೆ ಹೆದರಿಕೆಯಾಗುತ್ತದಂತೆ. ‘ನನ್ನ ಅಕ್ಕ ನನ್ನ ಮನೇಲಿ ನೆಂಟರ ಥರ ಇದಾಳೆ ಕಣೇ, ನೋಡಕ್ಕಾಗಲ್ಲ’ ಎಂದು ಚಿಕ್ಕಮ್ಮ ಅತ್ತರು. ನಾನೂ ಅತ್ತೆ. ಇಬ್ಬರೂ ಅತ್ತು ಮುಗಿಸಿ ಫೋನ್ ಇಟ್ಟೆವು, ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ನೀವು ಹೀಗೆ ಸರಿದು ನಿಲ್ಲುವುದು ಹೊಸದಲ್ಲ. ಹಳೆಯ ಮುದ್ರಣದಲ್ಲಿ ನನ್ನದೇ ಇನ್ನೊಂದು ವಾಕ್ಯ ಇದೆಯಲ್ಲ, ‘ಅದು ನಮ್ಮಮ್ಮನ ಜಾಗ’ ಎಂದು. ನೀವು ಮನೆಗೆ ಬಂದ ಮೊದಲ ದಿನ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಊಟಕ್ಕೆ ಕೂರಲು ಹೋದಿರಿ. ನಾನು ಹೇಳಿದೆ. ಅಪ್ಪನ ಮುಖ ಬಿಳುಚಿಕೊಂಡಿತು. ನೀವು ಕುರ್ಚಿ ಬಿಟ್ಟು ಸರಿದು, ‘ಅಲ್ಲಿ ಸ್ಥಳ ಅಂದ್ರೆ ಸರಿಯಾಗತ್ತಾ?’ ಎಂದು ನನ್ನನ್ನೇ ಕೇಳಿದಿರಿ. ‘ಥೂ, ಇಲ್ಲ. ಅದು ಸ್ಕೂಲ್ ಪುಸ್ತಕದ ಮಾತು’ ಎಂದೆ. ನಾವಿಬ್ಬರೂ ಆಡಿದ ಮೊದಲ ಮಾತು ಅದು. ಆಮೇಲೆ ನೀವು ಅಡುಗೆಮನೆ ಬಾಗಿಲ ಹತ್ತಿರದ ಸ್ಟೂಲಿನಲ್ಲಿ ಕೂತು ಊಟ ಮಾಡಿದಿರಿ. ಅವತ್ತು ಮಾಡಿದಿರಿ, ಸರಿ. ಆಮೇಲೂ? ನಾನು ಕಾಲೇಜು ಮುಗಿಸಿದೆ, ಮದುವೆಯಾಗಿ ಹೋದೆ, ತಲೆ ಬೆಳ್ಳಗಾಗತೊಡಗಿತು, ನೀವು ಸ್ಟೂಲು ಬಿಡಲಿಲ್ಲ. ಒಂಬತ್ತು ವರ್ಷದ ಮಗು ಏನೋ ಅಂದಿತೆಂದು ದೊಡ್ಡವರು ಜೀವನಪೂರ್ತಿ ಹೀಗೆ ಮಾಡುತ್ತಾರೆಯೇ? ನನ್ನ ಮಾತು ಅಷ್ಟು ನಡೆಯುವುದಾಗಿದ್ದರೆ ಲೆಕ್ಕದ ಮೇಷ್ಟರನ್ನೂ ಎಬ್ಬಿಸಿ ಕಳಿಸುತ್ತಿದ್ದೆ.

ಒಂದು ವಿಷಯ ಹೇಳಿಬಿಡುತ್ತೇನೆ. ನನಗೆ ಅಮ್ಮನ ಮುಖ ಸರಿಯಾಗಿ ನೆನಪಿಲ್ಲ. ಫೋಟೋದಲ್ಲಿರುವುದು ನೆನಪಿದೆ, ಮುಖ ಇಲ್ಲ. ಆಗಲೂ ಇರಲಿಲ್ಲ. ಅದಕ್ಕೇ ಕುರ್ಚಿಯನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಇದನ್ನು ಅಪ್ಪನಿಗೂ ಹೇಳಿರಲಿಲ್ಲ, ನಮ್ಮನೆಯವರಿಗೂ ಹೇಳಿಲ್ಲ.

ಈಗ ಮುಖ್ಯ ಮಾತು. ಅಪ್ಪ ತೀರಿಕೊಂಡು ಒಂದು ತಿಂಗಳಾಗಿತ್ತು. ನಾವು ಬಾಡಿಗೆ ಮನೆ ಬಿಟ್ಟು ಇಲ್ಲಿಗೇ ಬರುವುದು ಎಂದು ಮಾತಾಗಿತ್ತು, ನಿಮ್ಮ ಮುಂದೆಯೇ ಆದ ಮಾತು. ನಾನು ನೆಲದ ಮೇಲೆ ಕೂತು ಅಪ್ಪನ ಖಾಕಿ ಶರ್ಟುಗಳನ್ನು ಮಡಿಚುತ್ತಿದ್ದೆ. ಯಾವುದನ್ನು ಕೊಡುವುದು, ಯಾವುದನ್ನು ಇಟ್ಟುಕೊಳ್ಳುವುದು ಎಂದು ತಲೆ ಓಡದೆ ಎಲ್ಲವನ್ನೂ ಬಿಚ್ಚಿ ಮತ್ತೆ ಮಡಿಚುತ್ತಿದ್ದೆ. ನೀವು ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದಿರಿ. ತಂಗಿಯ ಮನೆಗೆ ನಾಲ್ಕು ದಿನ ಹೋಗಿ ಬರಲು ಹೊರಟಿದ್ದೀರಿ ಎಂದು ನಾನು ತಿಳಿದಿದ್ದೆ. ನೀವು ಎಂದಿನ ದನಿಯಲ್ಲೇ ಕೇಳಿದಿರಿ: ‘ಗಂಡ ಹೋದ ಮೇಲೆ ಆ ಮನೆಯಲ್ಲಿ ಅವಳಿಗೆ ಜಾಗ ಇರಲಿಲ್ಲ. ಇಲ್ಲಿ ಸ್ಥಾನ ಅಂದ್ರೂ ಕೂರತ್ತಾ?’

ನಾನು ತಲೆ ಎತ್ತಲಿಲ್ಲ. ಶರ್ಟಿನ ಗುಂಡಿ ಹಾಕುತ್ತಾ, ‘ಕೂರತ್ತೆ, ಎರಡೂ ಕೂರತ್ತೆ’ ಎಂದೆ.

ನೀವು ‘ಹ್ಞೂಂ’ ಎಂದು ಮೆಟ್ಟಿಲಿಳಿದು ಹೋದಿರಿ. ನಾಲ್ಕು ದಿನ ನಾಲ್ಕು ವಾರವಾಯಿತು, ಆಮೇಲೂ ನೀವು ಬರಲಿಲ್ಲ. ದುಃಖ ಇಳಿಯಲಿ, ತಂಗಿಯ ಜೊತೆ ಇರಲಿ, ಒತ್ತಾಯ ಮಾಡಬಾರದು ಎಂದು ನಾನು ಸುಮ್ಮನಿದ್ದೆ. ನೋಡಿ, ನನ್ನ ಬುದ್ಧಿ. ಮೊನ್ನೆ ಈ ಹಾಳೆಗಳನ್ನು ಒಂದೊಂದಾಗಿ ಓದುವಾಗ ಆ ವಾಕ್ಯ ಎಲ್ಲಿ ಎಂದು ಹುಡುಕಿದೆ. ಅಪ್ಪನದ್ದಿದೆ, ಅತ್ತೆಯದ್ದಿದೆ, ತರಕಾರಿಯವಳದ್ದೂ ಇದೆ. ಅದು ಇಲ್ಲ. ನನ್ನನ್ನು ಕೇಳಿ ತೀರ್ಪು ಪಡೆದ ವಾಕ್ಯವನ್ನು ನೀವು ಬರೆಯದೆ ಬಿಟ್ಟದ್ದೇ ಇಲ್ಲ. ಆಗ ನನಗೆ ಅರ್ಥವಾಯಿತು. ಅದು ನಿಘಂಟಿಗೆ ಹೇಳಿದ್ದಲ್ಲ. ನೀವು ಕೇಳಿದ್ದು ಪದವನ್ನಲ್ಲ. ನನ್ನ ಜ್ವರದ ವಾಕ್ಯ ನಿಮಗೆ ತಿಳಿಯುತ್ತಿತ್ತು, ನಿಮ್ಮದು ನನಗೆ ತಿಳಿಯಲಿಲ್ಲ.

ಆದರೆ ಸ್ವಲ್ಪ ನಿಲ್ಲಿ, ನನಗೆ ಸಿಟ್ಟೂ ಇದೆ. ಇನ್ಯಾವ ಮನೆಯಲ್ಲಾದರೂ ಇಂಥ ವಿಷಯಕ್ಕೆ ಕೂಗಾಡುತ್ತಾರೆ, ಅಳುತ್ತಾರೆ, ಪಾತ್ರೆ ಎತ್ತಿ ಕುಕ್ಕುತ್ತಾರೆ. ನಾವು ಮಾತ್ರ ಪದ ಬದಲಿಸಿ ನೋಡುತ್ತೇವೆ. ‘ನಾನು ಇಲ್ಲೇ ಇರಲಾ?’ ಎಂದು ಎರಡು ಮಾತಲ್ಲಿ ಕೇಳಬಾರದಿತ್ತೇ? ಕೇಳಿದ್ದರೆ ಶರ್ಟು ಬಿಸಾಕಿ ಎದ್ದು ಬರುತ್ತಿದ್ದೆ. ಹಾಗೆ ಕೇಳುವ ಅಭ್ಯಾಸ ನಾವಿಬ್ಬರೂ ಮಾಡಿಕೊಳ್ಳಲಿಲ್ಲ. ಅದರಲ್ಲಿ ನನ್ನ ಪಾಲು ಎಷ್ಟು, ನಿಮ್ಮದೆಷ್ಟು ಎಂದು ಲೆಕ್ಕ ಹಾಕಲು ನನಗೆ ಶಕ್ತಿಯಿಲ್ಲ. ಲೆಕ್ಕದಲ್ಲಿ ನನ್ನ ಸ್ಥಾನ ನಿಮಗೆ ಗೊತ್ತೇ ಇದೆ.

ಈಗ ನಿಮ್ಮ ಆ ವಾಕ್ಯವನ್ನು ಕೆಲಸದ ರೀತಿಯಲ್ಲೇ ನೋಡೋಣ. ‘ಗಂಡ ಹೋದ ಮೇಲೆ ಆ ಮನೆಯಲ್ಲಿ ಅವಳಿಗೆ ಜಾಗ ಇರಲಿಲ್ಲ.’ ಇದನ್ನು ಹೇಳಿದ್ದು ಯಾರು? ನಾನು ಹೇಳಿಲ್ಲ. ನಮ್ಮನೆಯವರು ಹೇಳಿಲ್ಲ, ಅವರಿಗೆ ಇಷ್ಟುದ್ದದ ವಾಕ್ಯ ಬರುವುದೂ ಇಲ್ಲ. ಅತ್ತೆ ಇದಕ್ಕಿಂತ ಕೆಟ್ಟದ್ದು ಹೇಳಿದ್ದಾರೆ, ಆದರೆ ಇದನ್ನು ಹೇಳಿಲ್ಲ, ಅವರನ್ನು ಫೋನ್ ಮಾಡಿ ಕೇಳಿದೆ. ‘ನಾನ್ಯಾಕೆ ಹಂಗಂತೀನಿ, ಅವಳಿಲ್ಲದಿದ್ರೆ ನನ್ನ ತಮ್ಮ ಎರಡು ವರ್ಷ ಮೊದಲೇ ಹೋಗ್ತಿದ್ದ’ ಎಂದು ನನ್ನನ್ನೇ ಬೈದರು. ಅಪ್ಪ ಅಂತೂ ಹೇಳಿರಲು ಸಾಧ್ಯವೇ ಇಲ್ಲ. ಅಂದರೆ ಇದು ಯಾರ ಬಾಯಿಂದಲೂ ಬಂದ ವಾಕ್ಯವಲ್ಲ. ನೀವು ಕೂತು ಕಟ್ಟಿದ್ದು. ನಿಮ್ಮದೇ ಕಟ್ಟಳೆಯ ಪ್ರಕಾರ ಇದು ನಡೆಯುವುದಿಲ್ಲ. ‘ಜಾಗ’ ಹಾಕಿದರೂ ನಡೆಯುವುದಿಲ್ಲ, ‘ಸ್ಥಾನ’ ಹಾಕಿದರೂ ನಡೆಯುವುದಿಲ್ಲ. ಅವತ್ತು ಕೊಟ್ಟ ತೀರ್ಪನ್ನು ನಾನು ವಾಪಸ್ಸು ತೆಗೆದುಕೊಂಡಿದ್ದೇನೆ. ಸಂಪಾದಕರಿಗೂ ಹೇಳುತ್ತೇನೆ ಬೇಕಾದರೆ.

ನಿಮ್ಮನ್ನು ಅಮ್ಮ ಎಂದು ಕರೆಯುತ್ತೇನೆ ಬನ್ನಿ ಎಂದು ನಾನು ಬರೆಯುವುದಿಲ್ಲ. ಆಸೆ ತೋರಿಸಿ ಕರೆದ ಹಾಗಾಗುತ್ತದೆ, ಮತ್ತೆ ನಿಮಗೆ ಅದು ಬೇಕೋ ಬೇಡವೋ ನನಗೆ ಗೊತ್ತಿಲ್ಲ. ಅಮ್ಮನ ಬದಲಿಗೆ ನೀವು ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ನೀವು ನೀವಾಗಿಯೇ ಇದ್ದಿರಿ. ನನ್ನ ಜ್ವರ ನೋಡಿದವರು, ಮದುವೆ ಮಾಡಿಸಿದವರು, ಅಪ್ಪನ ಬಾಯಿಗೆ ಕೊನೆಯವರೆಗೂ ಚಮಚೆಯಲ್ಲಿ ಗಂಜಿ ಹಾಕಿದವರು. ಇಂಥವರಿಗೆ ಒಂದು ಪದ ಬೇಕಿತ್ತು, ಇಲ್ಲ. ಇಷ್ಟು ದಪ್ಪ ನಿಘಂಟು ಮಾಡಿದಿರಿ, ಇದೊಂದನ್ನು ಯಾಕೆ ಹುಡುಕಲಿಲ್ಲ?

ಮನೆಯ ವಿಷಯ. ಮಲಗುವ ಕೋಣೆ ಒಂದೇ ಇದೆ, ಇವರಿಬ್ಬರೂ ಬಂದರೆ ನಾನೆಲ್ಲಿ ಎಂದು ನೀವು ಲೆಕ್ಕ ಹಾಕಿರುತ್ತೀರಿ. ನಾನೂ ಟೇಪು ಹಿಡಿದು ಅಳೆದಿದ್ದೇನೆ. ಕೋಣೆ ನಿಮ್ಮದೇ, ಮೇಜು ಕಿಟಕಿಯ ಹತ್ತಿರವೇ. ನಾವಿಬ್ಬರು ಹಾಲಿನಲ್ಲಿ, ರಾತ್ರಿ ಹಾಸಿ ಬೆಳಿಗ್ಗೆ ಮಡಿಚುವ ಮಂಚ ನೋಡಿ ಬಂದಿದ್ದೇವೆ. ನಮ್ಮನೆಯವರ ಸ್ಪ್ಯಾನರ್ ಪೆಟ್ಟಿಗೆಯೊಂದು ಎಲ್ಲಿಡುವುದು ಎಂದು ತೀರ್ಮಾನವಾಗಿಲ್ಲ, ಅದನ್ನು ಅವರು ತಲೆದಿಂಬು ಮಾಡಿಕೊಳ್ಳಲಿ. ಬಚ್ಚಲಿಗೆ ಬೆಳಿಗ್ಗೆ ಸಾಲು ನಿಲ್ಲಬೇಕಾಗುತ್ತದೆ. ಜಗಳವೂ ಆಗಬಹುದು. ಆಗಲಿ, ಈ ಮನೆಯಲ್ಲಿ ಅದೊಂದು ಕಡಿಮೆಯಿತ್ತು.

ನನಗೆ ಬರೆದು ಬರೆದು ಕೈ ನೋಯುತ್ತಿದೆ. ಬರೇ ಕೈಯಲ್ಲ, ಒಟ್ಟಿನಲ್ಲಿ ಸುಸ್ತು. ‘ಪ್ಲೇಸ್’ ಕ್ರಿಯಾಪದವಾಗಿ ಬಂದಾಗಿನ ವಾಕ್ಯಗಳು ಇನ್ನೂ ಸಿಕ್ಕಿಲ್ಲ. ನಮ್ಮ ಅಂಗಡಿಗೆ ಬಂದ ಒಬ್ಬ ಅಜ್ಜ, ‘ಕನ್ನಡಕ ಎಲ್ಲಿಟ್ಟೆ ಅಂತ ಹುಡುಕಕ್ಕೆ ಇನ್ನೊಂದು ಕನ್ನಡಕ ಬೇಕಮ್ಮ’ ಎಂದಿದ್ದರು, ಅದನ್ನು ಬರೆದಿಟ್ಟಿದ್ದೇನೆ. ‘ಇಟ್ಟೆ’ ಕೂತಿದೆ. ‘ಇರಿಸಿದೆ’ ಹಾಕಿದರೆ ಏನಾಗುತ್ತದೆ ಎಂದು ನನಗೆ ನಿಶ್ಚಯವಾಗುತ್ತಿಲ್ಲ, ಗಟ್ಟಿಯಾಗಿ ಓದುವವರು ಬೇಕು. ಈ ಹಾಳೆಗಳನ್ನು ನಾನು ಆಫೀಸಿಗೆ ಕೊಡುವುದಿಲ್ಲ. ಅರ್ಧ ಮಾಡಿ ಬಿಟ್ಟ ಪದವನ್ನು ನೀವೇ ಬಂದು ಮುಗಿಸಿ.

ಭಾನುವಾರ ಟೆಂಪೋ ಬರಲಿ. ಚಿಕ್ಕಮ್ಮನ ಮನೆಯಲ್ಲಿರುವ ನಿಮ್ಮ ಬ್ಯಾಗು, ಔಷಧಿ ಡಬ್ಬಿ, ಬಟ್ಟೆಬರೆ ಹಾಕಿಕೊಂಡು ಈ ಕಡೆಗೆ ಬರಲಿ. ಟೆಂಪೋದವನಿಗೆ ಯಾವ ಕಡೆಗಾದರೂ ಒಂದೇ.

ಇಂತಿ,
ನಿಮ್ಮ ಕಿವಿ

ತಾ. ಕ. ರಜೆ ಹಾಕಿದ್ದು ಯಾಕೆ ಎಂದು ಬರೆಯದೆಯೇ ಲಕೋಟೆ ಅಂಟಿಸಲು ಹೊರಟಿದ್ದೆ. ಮೊದಲೇ ಬರೆದಿದ್ದರೆ ನೀವು ಮರುಮಾತಿಲ್ಲದೆ ಓಡಿ ಬಂದು, ನಾನು ಎದ್ದು ಓಡಾಡುವವರೆಗೆ ಇದ್ದು, ಮತ್ತೆ ಬ್ಯಾಗು ಎತ್ತಿಕೊಂಡು ಹೋಗುತ್ತಿದ್ದಿರಿ. ಅದಕ್ಕೇ ಮೇಲಿನದ್ದನ್ನೆಲ್ಲ ಮೊದಲು ಓದಲಿ ಎಂದು ಇದನ್ನು ಕೆಳಗಿಟ್ಟೆ. ಸೋಮವಾರ ಬೆಳಿಗ್ಗೆ ನಾನು ಆಸ್ಪತ್ರೆ ಸೇರಬೇಕು. ಗರ್ಭಕೋಶ ತೆಗೆಯುತ್ತಾರಂತೆ. ನಿಮ್ಮ ವಯಸ್ಸಿನವರಿಗೆ ದಿನಾ ಮಾಡ್ತೀವಿ, ಹೆದರೋದೇನಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ನನಗೆ ಹೆದರಿಕೆಯಾಗಿದೆ. ಹೆಂಗಸರ ವಾರ್ಡು, ರಾತ್ರಿ ಗಂಡಸರನ್ನು ಬಿಡುವುದಿಲ್ಲ. ಜೊತೆಗೆ ಯಾರಿರುತ್ತಾರೆ ಎಂದು ನರ್ಸಮ್ಮ ಕೇಳಿದರು, ನಿಮ್ಮ ಹೆಸರು ಹೇಳಿದೆ. ‘ಅವ್ರು ನಿಮಗೆ ಏನಾಗ್ಬೇಕು?’ ಎಂದರು. ನನ್ನ ಹಿಂದೆ ಜನ ಕಾಯುತ್ತಿದ್ದರು, ಅವರಿಗೂ ಅವಸರವಿತ್ತು. ‘ಸೋಮವಾರ ಬರ್ತಾರಲ್ಲ, ಅವರನ್ನೇ ಕೇಳಿ’ ಎಂದು ಹೇಳಿ ಬಂದಿದ್ದೇನೆ.